ಪಶ್ಚಿಮಕ್ಕೆ ಅವರ ಟೆಂಟು, ಪೂರ್ವಕ್ಕೆ ನಮ್ಮ ಟೆಂಟು: ಹುಬ್ಬಳ್ಳಿ-ಧಾರವಾಡ ಸುತ್ತಲಿನ ಕಾಡಂಚಿನಲ್ಲಿ ರಾತ್ರಿ ಕಳೆಯುವುದು ಹೇಗೆ?

ಹೊಸ ಟೆಂಟು ಕೊಂಡವರೆಲ್ಲ ನನಗೆ ಫೋನ್ ಮಾಡಿ ಕೇಳುವ ಮೊದಲ ಪ್ರಶ್ನೆ ಒಂದೇ: ‘ದಾಂಡೇಲಿ ಕಾಡಿನಾಗ ಎಲ್ಲಿ ಹಾಕೂಣು?’ ಉತ್ತರವೂ ಒಂದೇ. ಎಲ್ಲೂ ಇಲ್ಲ. ಕಾಡಿನೊಳಗೆ ಬೇಕಾದ ಕಡೆ ನಿಮ್ಮ ಟೆಂಟು ಬಿಚ್ಚುವ ಹಾಗಿಲ್ಲ. ಹಾಗಂತ ಟೆಂಟು ಅಟ್ಟಕ್ಕೆ ಹಾಕಬೇಕಿಲ್ಲ. ನಾನು ಇಟ್ಟುಕೊಂಡಿರುವ ಲೆಕ್ಕ ಸರಳ. ಧಾರವಾಡದಿಂದ ಪಶ್ಚಿಮಕ್ಕೆ, ಅಂದರೆ ಹಳಿಯಾಳ, ದಾಂಡೇಲಿ, ಜೋಯಿಡಾ ಕಡೆ ಹೋದರೆ ಅರಣ್ಯ ಇಲಾಖೆಯವರೋ ಖಾಸಗಿಯವರೋ ಹಾಕಿಟ್ಟ ಟೆಂಟಿನಲ್ಲಿ ಮಲಗುತ್ತೇನೆ. ಪೂರ್ವಕ್ಕೆ, ಗದಗ, ಮುಂಡರಗಿ, ಶಿರಹಟ್ಟಿ ಕಡೆ ಹೋದರೆ ಸ್ವಂತ ಟೆಂಟು ಒಯ್ಯುತ್ತೇನೆ. ಅದನ್ನೂ ಕಾಡಿನೊಳಗಲ್ಲ, ಕಾಡು ಕಾಣುವ ಹೊಲದಲ್ಲಿ ಹಾಕುತ್ತೇನೆ.

ಹೀಗೆ ಯಾಕೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ಮೊದಲು: ಕಾಲಿಟ್ಟ ನೆಲ ಯಾರದ್ದು?

ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಅಂತ ಹೆಸರಾಯಿತು. ಗದಗ ಜಿಲ್ಲೆಯ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಯಿತು, ಸುಮಾರು 244 ಚದರ ಕಿ.ಮೀ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರದ್ದು, 119 ಚದರ ಕಿ.ಮೀ. ಇವೆಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಅದರ 27ನೇ ಕಲಂ ಪ್ರಕಾರ ಪರವಾನಗಿ ಇಲ್ಲದೆ ಒಳಗೆ ಹೋಗುವಂತಿಲ್ಲ. 30ನೇ ಕಲಂ ಪ್ರಕಾರ ಬೆಂಕಿ ಹಚ್ಚುವಂತಿಲ್ಲ, ಉರಿಯುವ ಬೆಂಕಿ ಬಿಟ್ಟು ಬರುವಂತಿಲ್ಲ. ಅಭಯಾರಣ್ಯ ಅಲ್ಲದ ಮೀಸಲು ಅರಣ್ಯವಾದರೂ ಅಷ್ಟೇ, ಅಲ್ಲಿ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ.

‘ಅಯ್ಯೋ, ಯಾರು ನೋಡ್ತಾರ್ರಿ’ ಅನ್ನುವವರು ಇರುತ್ತಾರೆ. ಗಾರ್ಡ್ ನೋಡುತ್ತಾರೆ. ಅವರು ನೋಡದಿದ್ದರೆ ಆನೆ ನೋಡುತ್ತದೆ.

ತಮಾಷೆಗೆ ಹೇಳುತ್ತಿಲ್ಲ. ಸುಗ್ಗಿ ಹೊತ್ತಿಗೆ ದಾಂಡೇಲಿ ಕಡೆಯ ಆನೆಗಳು ಹಳಿಯಾಳ, ಮುಂಡಗೋಡ, ಕಲಘಟಗಿ ತಾಲ್ಲೂಕಿನ ಭತ್ತ, ಕಬ್ಬಿನ ಹೊಲಗಳಿಗೆ ಬರುವುದು ಹೊಸದೇನಲ್ಲ. ಕ್ಯಾಂಪಿಂಗಿಗೆ ಒಳ್ಳೆಯ ಹವೆ ಇರುವುದೂ ಅದೇ ತಿಂಗಳುಗಳಲ್ಲಿ. ಹಾಗಾಗಿ ಆ ಕಡೆ ರೈತರ ಪರಿಚಯ ಎಷ್ಟೇ ಇರಲಿ, ಹೊಲದಲ್ಲಿ ಟೆಂಟು ಹಾಕಬೇಡಿ. ಆನೆಯ ಮುಂದೆ ನಮ್ಮ ಟೆಂಟಿನ ಬಟ್ಟೆ ಎಷ್ಟರದು?

ಪಶ್ಚಿಮಕ್ಕೆ ಹೊರಟರೆ

ಧಾರವಾಡದಿಂದ ಹಳಿಯಾಳದ ಮೇಲೆ ದಾಂಡೇಲಿ ಸುಮಾರು 55 ಕಿ.ಮೀ. ಹುಬ್ಬಳ್ಳಿಯಿಂದ ಇನ್ನೊಂದು 20 ಜಾಸ್ತಿ. ದಾಂಡೇಲಿ ದಾಟಿ ಅಂಬಿಕಾನಗರ ರಸ್ತೆಯಲ್ಲಿ ಹೋದರೆ ಕುಳಗಿ ಸಿಗುತ್ತದೆ. ಅಲ್ಲಿ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರವಿದೆ. ಕ್ಯಾನ್ವಾಸಿನ ಟೆಂಟು, ಒಳಗೆ ಮಂಚ, ಹಾಸಿಗೆ. ಮೊದಲ ಸಲ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಇದನ್ನೇ. ಕಾಡಿನ ರಾತ್ರಿ ಸದ್ದು ಪೂರ್ತಿ ಕೇಳುತ್ತದೆ, ಟೆಂಟು ಕಟ್ಟುವ ಗೋಜಿಲ್ಲ. ಬೆಳಗ್ಗೆ ಬೇಗ ಎದ್ದರೆ ಮಂಗಟ್ಟೆ ಹಕ್ಕಿ ಹಾರುವ ಸದ್ದು ಕೇಳಿಸಬಹುದು. ರೆಕ್ಕೆ ಬೀಸಿದಾಗ ಯಾರೋ ಬಿದಿರು ಬೀಸಣಿಗೆಯನ್ನು ಜೋರಾಗಿ ಬೀಸಿದ ಹಾಗೆ ಇರುತ್ತದೆ.

ಜಾಗ ಹಿಡಿಯುವುದನ್ನು ಮಾತ್ರ ಕೊನೆ ಗಳಿಗೆಗೆ ಬಿಡಬೇಡಿ. ಶನಿವಾರ, ಭಾನುವಾರ ಹುಬ್ಬಳ್ಳಿ, ಬೆಳಗಾವಿ, ಗೋವಾ ಮೂರೂ ಕಡೆಯಿಂದ ಜನ ಬರುತ್ತಾರೆ. ಇಲಾಖೆಯ ಜಾಲತಾಣದಲ್ಲೋ ದಾಂಡೇಲಿ ಕಚೇರಿಯಲ್ಲೋ ವಿಚಾರಿಸಿ, ರಸೀದಿ ಕೈಯಲ್ಲಿ ಹಿಡಿದು ಹೋಗಿ. ಸಫಾರಿ ಬೇಕಿದ್ದರೆ ಅದನ್ನೂ ಆಗಲೇ ಕೇಳಿಕೊಳ್ಳಿ, ಮಳೆಗಾಲದಲ್ಲಿ ನಿಂತಿರುತ್ತದೆ. ಚಾರಣ ಮಾಡುವವರು ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣ ನೋಡಬೇಕು.

ಕೈಯಲ್ಲಿ ಸ್ವಲ್ಪ ಜಾಸ್ತಿ ದುಡ್ಡಿದ್ದರೆ ದಾಂಡೇಲಿಯಲ್ಲಿ ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್‌ನ ಕಾಳಿ ಅಡ್ವೆಂಚರ್ ಕ್ಯಾಂಪ್ ಇದೆ. ಗಣೇಶಗುಡಿ, ಜೋಯಿಡಾ ಕಡೆ ಖಾಸಗಿ ಟೆಂಟುಗಳೂ ಬೇಕಾದಷ್ಟು. ಖಾಸಗಿಯವರಿಗೆ ಫೋನ್ ಮಾಡಿದಾಗ ನಾನು ಮೂರು ಮಾತು ಕೇಳುತ್ತೇನೆ. ಪರವಾನಗಿ ಇದೆಯಾ? ಟೆಂಟು ನದಿಯಿಂದ ಎಷ್ಟು ದೂರ? ರಾತ್ರಿ ಡಿಜೆ ಹಚ್ಚುತ್ತೀರಾ? ಮೂರನೆಯದಕ್ಕೆ ‘ಹೌದ್ರಿ ಸರ್, ಫುಲ್ ಎಂಜಾಯ್’ ಅಂತ ಉತ್ತರ ಬಂದರೆ ಫೋನ್ ಇಟ್ಟುಬಿಡುತ್ತೇನೆ.

ನದಿಯ ದೂರ ಕೇಳುವುದು ಸುಮ್ನೆ ಅಲ್ಲ. ಕಾಳಿ ಮೇಲೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಂತ ಸಾಲು ಅಣೆಕಟ್ಟುಗಳಿವೆ. ಕರೆಂಟ್ ತಯಾರಿಸಲು ನೀರು ಬಿಟ್ಟಾಗ ಮಳೆ ಇಲ್ಲದಿದ್ದರೂ ಕೆಳಗೆ ನದಿ ಏರುತ್ತದೆ. ಮಧ್ಯಾಹ್ನ ಬಂಡೆ ಕಂಡ ಕಡೆ ಸಂಜೆ ಸೆಳವು ಇರಬಹುದು. ಇನ್ನು ದಾಂಡೇಲಿ ಹತ್ತಿರ ಕಾಳಿಯಲ್ಲಿ ಮೊಸಳೆಗಳಿವೆ. ಪಾತ್ರೆ ತೊಳೆಯಲು, ಕಾಲು ಇಳಿಬಿಟ್ಟು ಫೋಟೊ ತೆಗೆಸಿಕೊಳ್ಳಲು ನದಿಗೆ ಇಳಿಯಬೇಡಿ. ಮುಸ್ಸಂಜೆಯಲ್ಲಂತೂ ದಡಕ್ಕೇ ಹೋಗಬೇಡಿ.

ಪೂರ್ವಕ್ಕೆ ಹೊರಟರೆ

ನನಗೆ ಹೆಚ್ಚು ಇಷ್ಟದ ದಿಕ್ಕು ಇದು. ದಾಂಡೇಲಿಗೆ ಹೋಗುವ ಹತ್ತು ಕಾರಿನಲ್ಲಿ ಒಂದಾದರೂ ಈ ಕಡೆ ತಿರುಗಬಾರದೇ ಅನಿಸುತ್ತದೆ.

ಗದಗದಿಂದ ಕಪ್ಪತಗುಡ್ಡ ಸುಮಾರು 25 ಕಿ.ಮೀ. ಡಂಬಳ, ಡೋಣಿ ಕಡೆಯಿಂದ ಹೋಗಬಹುದು. ದಟ್ಟ ಮರಗಳ ಕಾಡಲ್ಲ, ಹುಲ್ಲು, ಕುರುಚಲು, ಔಷಧಿ ಗಿಡಗಳ ಗುಡ್ಡ. ತೋಳ, ಕತ್ತೆಕಿರುಬ, ಚಿರತೆ, ಕೊಂಡಕುರಿ ಇವೆ. ಹಗಲು ಗುಡ್ಡ ನೋಡಿ, ಸಂಜೆ ಇಳಿದು, ಊರಿನ ಹತ್ತಿರದ ಹೊಲದಲ್ಲಿ ಟೆಂಟು ಹಾಕುವುದು ನಮ್ಮ ಪದ್ಧತಿ. ಗುಡ್ಡದ ಬುಡದಲ್ಲೇ ಬೇಡ. ಕುರಿ ಇರುವ ಕಡೆ ತೋಳ, ಚಿರತೆ ಸುಳಿಯುತ್ತವೆ. ನಾಲ್ಕು ಮನೆಯ ದೀಪ ಕಾಣುವಷ್ಟು ಹತ್ತಿರ ಇರಿ.

ಇನ್ನೊಂದು ಜಾಗ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿಗೆ ಸೇರಿತು. ನವೆಂಬರಿನಿಂದ ಮಾರ್ಚ್ ಒಳಗೆ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ರಾತ್ರಿ ಹೊಲಗಳಲ್ಲಿ ಮೇಯ್ದು ಬೆಳಗ್ಗೆ ಕೆರೆಗೆ ವಾಪಸ್ಸಾಗುವಾಗ ನೀವು ಅಲ್ಲಿರಬೇಕು. ಹುಬ್ಬಳ್ಳಿಯಿಂದ ಬೆಳಗ್ಗೆ ಹೊರಟರೆ ಆ ಹೊತ್ತಿಗೆ ಮುಟ್ಟುವುದು ಕಷ್ಟ, ಟೆಂಟಿನ ಉಪಯೋಗ ಇಲ್ಲೇ. ಕೆರೆ ದಂಡೆಯಲ್ಲಿ ಹಾಕಬೇಡಿ, ಹಕ್ಕಿ ಬೆದರುತ್ತವೆ. ಒಂದು ಕಿಲೋಮೀಟರ್ ಆಚೆ ಹಾಕಿ, ನಸುಕಿನಲ್ಲಿ ನಡೆದುಕೊಂಡು ಬನ್ನಿ.

ರಾಣೆಬೆನ್ನೂರಿನ ಕೃಷ್ಣಮೃಗ, ಬಂಕಾಪುರ ಕೋಟೆಯ ನವಿಲು, ಮುಂಡಗೋಡ ತಾಲ್ಲೂಕಿನ ಅತ್ತಿವೇರಿ ಪಕ್ಷಿಧಾಮ, ಇವು ಹಗಲಿಗೆ ನೋಡಿ ಬರುವ ಜಾಗಗಳು. ಟೆಂಟು ಕಾರಿನಲ್ಲೇ ಇರಲಿ.

ಹೊಲ ಕೇಳುವ ಬಗೆ

ಹೊತ್ತು ಮುಳುಗುವ ಎರಡು ತಾಸು ಮೊದಲೇ ಊರು ಮುಟ್ಟಿ. ಕತ್ತಲಾದ ಮೇಲೆ ಹೆಡ್‌ಲೈಟ್ ಹಚ್ಚಿಕೊಂಡು ಹೊಲಕ್ಕೆ ನುಗ್ಗಿದರೆ ಮೊದಲು ಬರುವುದು ನಾಯಿ, ಆಮೇಲೆ ಬಡಿಗೆ ಹಿಡಿದ ಹತ್ತು ಜನ. ಊರ ಕಟ್ಟೆ ಹತ್ತಿರ ಇಳಿದು, ಚಹಾದಂಗಡಿಯಲ್ಲಿ ಒಂದು ಚಹಾ ಕುಡಿದು, ಹಿರಿಯರೊಬ್ಬರನ್ನು ಮಾತಾಡಿಸಿ. ‘ಕಾಕಾ, ಒಂದು ರಾತ್ರಿ ಮಲಗಾಕ ಜಾಗ ಬೇಕಾಗಿತ್ತ್ರಿ, ಬೆಳಿ ಇಲ್ಲದ ಹೊಲ ಯಾರದೈತ್ರಿ?’ ಅಂದರೆ ಸಾಕು. ಯಾವ ಊರು, ಯಾರ ಮಗ, ಇದೇನು ಹುಚ್ಚು ಅಂತ ಹತ್ತು ಪ್ರಶ್ನೆ ಬರುತ್ತವೆ. ಬೇಸರ ಮಾಡಿಕೊಳ್ಳದೆ ಹೇಳಿ. ನಮ್ಮ ಕಡೆ ಶೇಂಗಾ ಹೊಲ ಕಾಯಲು, ಹಂದಿ ಓಡಿಸಲು ಹೊಲದಲ್ಲಿ ಮಲಗಿದವರೇ ಎಲ್ಲ. ಕುರಿ ಹಿಂಡಿನವರು ತಿಂಗಳುಗಟ್ಟಲೆ ಹೊಲದಲ್ಲೇ ಇರುತ್ತಾರೆ. ಅವರಿಗೆ ತಮಾಷೆ ಅನಿಸುವುದು ನಾವು ಅದಕ್ಕೆ ದುಡ್ಡು ಖರ್ಚು ಮಾಡುವುದು.

ಗಾಡಿ ನಂಬರ್, ಫೋನ್ ನಂಬರ್ ಅವರಿಗೆ ಕೊಟ್ಟಿರಿ. ಹೆಣ್ಣುಮಕ್ಕಳು, ಮಕ್ಕಳು ಜೊತೆಗಿದ್ದರೆ ಹತ್ತಿರದ ಪೊಲೀಸ್ ಠಾಣೆಗೂ ಒಂದು ಮಾತು ಹೇಳಿಡುವುದು ಒಳ್ಳೆಯದು.

ಎಲ್ಲಕ್ಕಿಂತ ಒಳ್ಳೆಯ ಜಾಗ ಖಾಲಿ ಕಣ. ಸಪಾಟಾಗಿ, ಗಟ್ಟಿಯಾಗಿ, ಕಸ ಇಲ್ಲದೆ ಇರುತ್ತದೆ. ಆದರೆ ಕಣದಲ್ಲಿ ಚಪ್ಪಲಿ ಹಾಕಿ ತಿರುಗುವುದನ್ನು ಎಷ್ಟೋ ಮನೆಯವರು ಸಹಿಸುವುದಿಲ್ಲ. ಗೂಟ ಬಡಿಯಬಹುದಾ ಅಂತಲೂ ಕೇಳಿ. ಬೇಡ ಅಂದರೆ ಬೇಡ, ಪಕ್ಕದಲ್ಲಿ ಹಾಕಿಕೊಳ್ಳಿ.

ನೆಲ ಓದುವುದು: ಎರಿಯಾ, ಮಸಾರಿಯಾ?

ಎರಿ ಅಂದರೆ ಕಪ್ಪು ಮಣ್ಣು, ಮಸಾರಿ ಅಂದರೆ ಕೆಂಪು ಮಣ್ಣು. ಅಂತರ್ಜಾಲದ ಯಾವ ಟೆಂಟು ವಿಡಿಯೊದಲ್ಲೂ ಸಿಗದ ವಿಷಯ ಇದು. ನಮ್ಮ ನೆಲದಲ್ಲಿ ಎಲ್ಲಕ್ಕಿಂತ ಮುಖ್ಯ ಇದೇ.

ನನ್ನ ಎರಡನೇ ಕ್ಯಾಂಪ್ ಅಣ್ಣಿಗೇರಿ ದಾಟಿದ ಮೇಲೆ ಒಂದು ಎರಿ ಹೊಲದಲ್ಲಿ. ನವೆಂಬರ್ ತಿಂಗಳು, ಆಕಾಶ ಸ್ವಚ್ಛ. ರಾತ್ರಿ ಎರಡರ ಸುಮಾರಿಗೆ ಅಕಾಲಿಕ ಮಳೆ ಶುರುವಾಯಿತು. ಜಾಸ್ತಿ ಅಲ್ಲ, ಅರ್ಧ ತಾಸು. ಅಷ್ಟರಲ್ಲೇ ಗೂಟಗಳು ಬೆಣ್ಣೆಯಲ್ಲಿ ಚುಚ್ಚಿದ ಕಡ್ಡಿಯ ಹಾಗೆ ಒಂದೊಂದೇ ಮೇಲೆ ಬಂದವು. ಟೆಂಟು ನಮ್ಮ ಮೈಮೇಲೆ. ಹೊರಗೆ ಬಂದರೆ ಹೆಜ್ಜೆಗೆ ಒಂದು ಕೆಜಿ ಮಣ್ಣು ಮೆಟ್ಟಿಗೆ ಅಂಟುತ್ತದೆ. ಬೆಳಗ್ಗೆ ಕಾರು ನಾಲ್ಕು ಅಡಿ ಕೂಡ ಮುಂದೆ ಹೋಗಲಿಲ್ಲ. ಹೊಲದ ಅಜ್ಜ ಬಂದು ನಿಂತು ನೋಡಿದರು. ‘ಎರಿ ಹೊಲದಾಗ ಮಳಿ ಆದ್ರ ಎತ್ತs ಬರಂಗಿಲ್ಲೋ ತಮ್ಮಾ, ನಿನ್ನ ಕಾರ್ ಬರ್ತದೇನು?’ ಟ್ರ್ಯಾಕ್ಟರ್ ಬರುವಷ್ಟು ನೆಲ ಆರಲು ಮಧ್ಯಾಹ್ನವಾಯಿತು. ಅಲ್ಲಿಯವರೆಗೆ ಅವರ ಮನೆಯಲ್ಲೇ ರೊಟ್ಟಿ ಊಟ.

ಅಂದಿನಿಂದ ಕಲಿತದ್ದು: ಕಪ್ಪು ಎರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮಳೆಯ ಸಣ್ಣ ಸೂಚನೆ ಇದ್ದರೂ ಎರಿ ಬೇಡ. ಬೇಸಿಗೆಯಲ್ಲೂ ಬೇಡ, ಬಿರುಕುಗಳಲ್ಲಿ ಚೇಳು ಇರುತ್ತವೆ. ಕೆಂಪು ಮಸಾರಿ ನೆಲ ಹುಡುಕಿ. ನೀರು ಬೇಗ ಇಂಗುತ್ತದೆ, ಗೂಟ ಹಿಡಿಯುತ್ತದೆ. ಪರೀಕ್ಷೆ ಸುಲಭ. ಒಂದು ಹಿಡಿ ಮಣ್ಣಿಗೆ ನೀರು ಹಾಕಿ ಹಿಸುಕಿ. ಬೆರಳಿಗೆ ಜಿಡ್ಡಿನ ಹಾಗೆ ಮೆತ್ತಿಕೊಂಡು ಬಿಡದಿದ್ದರೆ ಎರಿ, ಉದುರಿದರೆ ಮಸಾರಿ. ಬೇರೆ ದಾರಿ ಇಲ್ಲದೆ ಎರಿಯಲ್ಲೇ ಹಾಕಬೇಕಾದರೆ ಕಾರನ್ನು ಡಾಂಬರು ರಸ್ತೆಯಲ್ಲೇ ಬಿಟ್ಟು, ಸಾಮಾನು ಹೊತ್ತುಕೊಂಡು ಹೋಗಿ.

ಕುರಿ ಹಿಂಡು ಮಲಗಿ ಹೋದ ಜಾಗವನ್ನೂ ಬಿಡಿ. ಹಿಕ್ಕೆ ಕಂಡರೆ ಗೊತ್ತಾಗುತ್ತದೆ. ನೆಲ ಮೆತ್ತಗೆ ಇರುತ್ತದೆ ಅಂತ ಆಸೆಯಾಗುತ್ತದೆ, ಆದರೆ ಉಣ್ಣಿ ಇರುತ್ತವೆ.

ಕಟ್ಟುವುದು

ಮೊದಲ ಸಲ ಮನೆ ಮಾಳಿಗೆಯ ಮೇಲೋ ಅಂಗಳದಲ್ಲೋ ಕಟ್ಟಿ ನೋಡಿ. ಕತ್ತಲಲ್ಲಿ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಸೂಚನೆ ಓದುವ ಹೊತ್ತು ಬರಬಾರದು. ಇಬ್ಬರು ಮಲಗಲು ಮೂವರ ಟೆಂಟು ಕೊಳ್ಳಿ. ಅಂಗಡಿಯವರು ‘ಇಬ್ಬರದ್ದು’ ಅನ್ನುವುದು ಇಬ್ಬರು ಮಗ್ಗಲು ಬದಲಿಸದೆ ಮಲಗುವ ಲೆಕ್ಕ.

ನೆಲದ ಕಲ್ಲು, ಕೂಳೆ ಆರಿಸಿ ತೆಗೆಯಿರಿ. ಜೋಳ ಕೊಯ್ದ ಕೂಳೆ ಚೂಪಾಗಿರುತ್ತದೆ, ಟೆಂಟಿನ ತಳ ತೂತು ಮಾಡುತ್ತದೆ. ಆ ನೆಲದ ಮೇಲೆ ತಾಡಪತ್ರಿ ಹಾಸಿ. ತಾಡಪತ್ರಿ ಟೆಂಟಿನ ಅಂಚಿಗಿಂತ ಒಂದು ಗೇಣು ಒಳಗೇ ಇರಬೇಕು. ಹೊರಗೆ ಚಾಚಿದರೆ ಮಳೆ ನೀರು ಅದರ ಮೇಲೆ ನಿಂತು ನೇರ ನಿಮ್ಮ ಬೆನ್ನ ಕೆಳಗೆ ಬರುತ್ತದೆ.

ಗಾಳಿ ಯಾವ ಕಡೆಯದು ಅಂತ ನೋಡಲು ಗದಗ ಜಿಲ್ಲೆಯಲ್ಲಿ ಒಂದು ಅನುಕೂಲ ಇದೆ. ಗುಡ್ಡದ ಮೇಲಿನ ಗಾಳಿ ವಿದ್ಯುತ್ ಕಂಬಗಳ ಕಡೆ ತಲೆ ಎತ್ತಿ ನೋಡಿ. ರೆಕ್ಕೆ ಯಾವ ಕಡೆ ಮುಖ ಮಾಡಿದೆಯೋ ಆ ಕಡೆಯಿಂದ ಗಾಳಿ ಬರುತ್ತಿದೆ. ಟೆಂಟಿನ ಬಾಗಿಲು ಅದರ ವಿರುದ್ಧಕ್ಕೆ ಇಡಿ, ಮೊದಲ ಗೂಟವನ್ನು ಮಾತ್ರ ಗಾಳಿ ಬರುವ ಮಗ್ಗಲಿಗೆ ಬಡಿಯಿರಿ. ಇಲ್ಲದಿದ್ದರೆ ಟೆಂಟು ಗಾಳಿಪಟ ಆಗಿ ಪಕ್ಕದ ಹೊಲ ಸೇರುತ್ತದೆ.

ಗೂಟವನ್ನು ನೆಟ್ಟಗೆ ಬಡಿಯಬೇಡಿ. ತಲೆ ಟೆಂಟಿನಿಂದ ಆಚೆ ವಾಲಿರಲಿ, ಮೊನೆ ಟೆಂಟಿನ ಕಡೆ ಇರಲಿ. ಟೆಂಟಿನ ಜೊತೆ ಬರುವ ಗೂಟಗಳು ಕೂದಲು ಪಿನ್ನಿಗಿಂತ ಸ್ವಲ್ಪ ದಪ್ಪ ಅಷ್ಟೇ. ನಾನು ಜಾಲಿ ಕಟ್ಟಿಗೆಯಲ್ಲಿ ಒಂದು ಗೇಣಿನ ಹತ್ತು ಗೂಟ ಕೆತ್ತಿಸಿ ಇಟ್ಟುಕೊಂಡಿದ್ದೇನೆ. ಸಡಿಲು ಮಣ್ಣಿದ್ದರೆ ಖಾಲಿ ಸಿಮೆಂಟ್ ಚೀಲಕ್ಕೆ ಮಣ್ಣು ತುಂಬಿ, ದಾರ ಅದಕ್ಕೆ ಕಟ್ಟಿ, ಅರ್ಧ ಹೂಳಿಬಿಡಿ. ಎಳೆದರೂ ಬರುವುದಿಲ್ಲ. ಕಲ್ಲು ನೆಲವಾದರೆ ದೊಡ್ಡ ಗುಂಡುಕಲ್ಲಿಗೆ ದಾರ ಸುತ್ತಿ.

ರಾತ್ರಿ ಚಳಿ ಅಂತ ಎಲ್ಲ ಜಿಪ್ ಎಳೆದು, ಗಾಳಿ ಕಿಂಡಿಯನ್ನೂ ಮುಚ್ಚಿ ಮಲಗುವವರಿದ್ದಾರೆ. ಬೆಳಗ್ಗೆ ಒಳಗೆಲ್ಲ ಹನಿ. ‘ಟೆಂಟು ಸೋರ್ತದ’ ಅಂತ ಅಂಗಡಿಯವನನ್ನು ಬೈಯುತ್ತಾರೆ. ಅದು ಸೋರಿದ್ದಲ್ಲ, ಅವರದೇ ಉಸಿರು. ಸೊಳ್ಳೆ ಪರದೆ ಪೂರ್ತಿ ಮುಚ್ಚಿ, ಹೊರ ಬಟ್ಟೆಯ ಕಿಂಡಿ ಎರಡೂ ಕಡೆ ತೆರೆದಿಡಿ.

ಮಲಗುವುದು, ಉಣ್ಣುವುದು

ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ರಾತ್ರಿ 13-14 ಡಿಗ್ರಿಗೆ ಇಳಿಯುವುದು ಸಾಮಾನ್ಯ. ಚಳಿ ಬರುವುದು ಮೇಲಿನಿಂದ ಅಲ್ಲ, ನೆಲದಿಂದ. ಸಾವಿರಾರು ರೂಪಾಯಿಯ ಸ್ಲೀಪಿಂಗ್ ಬ್ಯಾಗ್ ಕೊಳ್ಳುವ ಮೊದಲು ಮನೆಯ ಕೌದಿ ನೆನಪಿಸಿಕೊಳ್ಳಿ. ಕೆಳಗೆ ಒಂದು ಜಮಖಾನ, ಅದರ ಮೇಲೆ ಎರಡು ಮಡಿಕೆ ಕೌದಿ, ಹೊದೆಯಲು ಕುರಿ ಕಂಬಳಿ. ಕಾರಿನಲ್ಲಿ ಹೋಗುವವರಿಗೆ ಭಾರದ ಚಿಂತೆ ಇಲ್ಲವಲ್ಲ. ನಡೆದು ಹೋಗುವವರ ಮಾತು ಬೇರೆ, ಅವರು ಸ್ಲೀಪಿಂಗ್ ಬ್ಯಾಗ್ ಕೊಳ್ಳಲೇಬೇಕು.

ಊಟದ ವಿಷಯದಲ್ಲಿ ನಾವು ಪುಣ್ಯವಂತರು. ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು, ಉಳ್ಳಾಗಡ್ಡಿ. ಒಲೆ ಬೇಕಿಲ್ಲ, ಕೆಡುವುದಿಲ್ಲ. ಚಹಾಕ್ಕೆ ಸಣ್ಣ ಗ್ಯಾಸ್ ಒಲೆ ಸಾಕು, ಅದನ್ನೂ ಟೆಂಟಿನ ಒಳಗೆ ಹಚ್ಚುವ ಹಾಗಿಲ್ಲ. ಬಟ್ಟೆಗೆ ಬೆಂಕಿ ಹತ್ತಬಹುದು, ಮುಚ್ಚಿದ ಜಾಗದಲ್ಲಿ ವಿಷಗಾಳಿ ತುಂಬಬಹುದು. ತಲೆಗೆ ಐದು ಲೀಟರ್ ನೀರು ಮನೆಯಿಂದಲೇ ಒಯ್ಯಿರಿ.

ಬೆಂಕಿ ಕಾಯಿಸುವ ಆಸೆ ಎಲ್ಲರಿಗೂ. ಅಭಯಾರಣ್ಯದ ಮಾತು ಆಗಲೇ ಹೇಳಿದೆ, ಅಲ್ಲಿ ಇಲ್ಲ. ಹೊಲದಲ್ಲಿ ಮಾಲೀಕರು ಒಪ್ಪಿದರೆ ಹಳೇ ಬುಟ್ಟಿಯೊಳಗೆ, ಕಬ್ಬಿಣದ್ದು ಮತ್ತೆ, ಸಣ್ಣದಾಗಿ ಹಚ್ಚಿ. ಕಣಕಿ ಬಣವಿ ಹತ್ತಿರ ಇದ್ದರೆ ಬೇಡವೇ ಬೇಡ. ಒಂದು ಕಿಡಿ ಹಾರಿದರೆ ಆ ಮನೆಯ ದನಕ್ಕೆ ವರ್ಷದ ಮೇವು ಹೋಯಿತು.

ಚರಿಗಿಗೆ ಹೋಗುವವರು ಕೆರೆ, ಹಳ್ಳದಿಂದ ದೂರ ಹೋಗಿ, ಒಂದು ಗೇಣು ತಗ್ಗು ತೋಡಿ ಮುಚ್ಚಿ ಬನ್ನಿ.

ಹುಳ, ಹುಪ್ಪಡಿ

ಒಣ ಕಲ್ಲು ನೆಲದಲ್ಲಿ ಗರಗಸ ಮಂಡಲ, ಹೊಲದಲ್ಲಿ ನಾಗರ, ಕೊಳಕುಮಂಡಲ ಇರುತ್ತವೆ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಹೆಚ್ಚು ಅಪಾಯ ಕಟ್ಟುಹಾವಿನಿಂದ. ಕಚ್ಚಿದ್ದು ನೋವೇ ಆಗದೆ ಇರಬಹುದು. ಹಾಗಾಗಿ ಒಳಗೆ ಹೋಗುವಾಗ, ಹೊರಗೆ ಬರುವಾಗ ಜಿಪ್ ತಕ್ಷಣ ಎಳೆಯಿರಿ. ಬೂಟು ಒಳಗೇ ಇರಲಿ, ಬೆಳಗ್ಗೆ ಝಾಡಿಸಿ ಹಾಕಿಕೊಳ್ಳಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಯಾವುದೂ ಬೇಡ. ಕಚ್ಚಿಸಿಕೊಂಡವರನ್ನು ಓಡಾಡಿಸದೆ, 108ಕ್ಕೆ ಫೋನ್ ಮಾಡಿ, ಇಲ್ಲವೇ ನಿಮ್ಮ ಗಾಡಿಯಲ್ಲೇ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಂಟು ಹಾಕುವ ಮೊದಲೇ ಅದಕ್ಕೆ ದಾರಿ ನೋಡಿಟ್ಟಿರಬೇಕು, ಫೋನಿಗೆ ಸಿಗ್ನಲ್ ಎಲ್ಲಿ ಸಿಗುತ್ತದೆ ಅನ್ನುವುದನ್ನೂ.

ಉತ್ತರ ಕನ್ನಡದ ಕಾಡಿಗೆ ಹೋದರೆ ಮಳೆಗಾಲದಲ್ಲಿ ಇಂಬಳ, ಬೇಸಿಗೆಯಲ್ಲಿ ಉಣುಗು, ಅಂದರೆ ಕಾಡಿನ ಉಣ್ಣಿ. ಇಂಬಳ ರಕ್ತ ಕುಡಿದು ಬಿದ್ದುಹೋಗುತ್ತದೆ, ಹೆದರಬೇಕಿಲ್ಲ. ಉಣುಗಿಗೆ ಹೆದರಿ. ಮಂಗನ ಕಾಯಿಲೆ ಹರಡುವುದು ಅದರಿಂದಲೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ ಉತ್ತರ ಕನ್ನಡದಲ್ಲೂ ಇದೆ. ಡಿಸೆಂಬರಿನಿಂದ ಮೇ ತನಕ ಜಾಸ್ತಿ. ಒಣ ತರಗೆಲೆ ಮೇಲೆ ಕೂರಬೇಡಿ, ಪ್ಯಾಂಟನ್ನು ಸಾಕ್ಸಿನೊಳಗೆ ಸಿಕ್ಕಿಸಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಇಲಾಖೆಗೆ ತಿಳಿಸಿ. ಮನೆಗೆ ಬಂದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆವು ಅನ್ನುವುದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಬಿಚ್ಚುವುದು

ಬೆಳಗ್ಗೆ ಟೆಂಟಿನ ಮೇಲೆ ಇಬ್ಬನಿ ಕೂತಿರುತ್ತದೆ. ಬಿಸಿಲಿಗೆ ಒಂದು ತಾಸು ಬಿಟ್ಟು, ಒಣಗಿದ ಮೇಲೆ ಮಡಚಿ. ಅವಸರ ಇದ್ದರೆ ಒದ್ದೆಯದ್ದನ್ನೇ ಚೀಲಕ್ಕೆ ತುಂಬಿ, ಮನೆ ಮುಟ್ಟಿದ ದಿನವೇ ಮಾಳಿಗೆ ಮೇಲೆ ಹರವಿ. ಎರಡು ದಿನ ಹಾಗೇ ಬಿಟ್ಟರೆ ಬೂಸಲು ಹಿಡಿದು ಆ ವಾಸನೆ ಹೋಗುವುದೇ ಇಲ್ಲ.

ಹೊರಡುವ ಮುಂಚೆ ಗೂಟ ಎಣಿಸಿ. ಹತ್ತು ಬಡಿದಿದ್ದರೆ ಹತ್ತೂ ಕೈಗೆ ಬರಬೇಕು. ಮಣ್ಣಿನಲ್ಲಿ ಉಳಿದ ಒಂದು ಕಬ್ಬಿಣದ ಗೂಟ ನಾಳೆ ಎತ್ತಿನ ಗೊರಸಿಗೆ ಚುಚ್ಚುತ್ತದೆ. ನಾನು ಒಮ್ಮೆ ಡೋಣಿ ಹತ್ತಿರ ಎಣಿಕೆ ಒಂಬತ್ತಕ್ಕೇ ನಿಂತು, ಹತ್ತನೆಯ ಗೂಟವನ್ನು ಮುಕ್ಕಾಲು ತಾಸು ಹುಡುಕಿದ್ದೇನೆ. ಹೊಲದ ಕಾಕಾ ತಾವೂ ಬಂದು ಕಾಲಲ್ಲಿ ಮಣ್ಣು ಕೆದರುತ್ತಾ ಹುಡುಕಿದರು. ಸಿಕ್ಕಿದ್ದು ನನ್ನ ಜೇಬಿನಲ್ಲಿ.